ಮುಟ್ಟಿ ಕಣ್ಣಿಗೊತ್ತಿಕೊಂಡವನು

ಗಿರಿಧರನ ಫುಟ್‌ಬಾಲ್ ಬದುಕು ನಿಜವಾಗಿ ಶುರುವಾದದ್ದು ಅವನ ಮೂವತ್ತಾರನೆಯ ವಯಸ್ಸಿನಲ್ಲಿ. ಮಿಕ್ಕವರೆಲ್ಲ ಬೂಟು ಕಳಚಿಟ್ಟು, ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಟೀವಿ ಮುಂದೆ ಕೂತು ರೆಫರಿಯನ್ನು ಬೈಯುವ ವಯಸ್ಸು ಅದು. ಇವನು ಆ ವಯಸ್ಸಿನಲ್ಲಿ ಹೊಸ ಬೂಟು ಕೊಂಡ. ಐದು ವರ್ಷ ಆಡಿದ. ಒಂದೇ ಒಂದು ಗೋಲು ಹೊಡೆದ, ಅದೂ ಎದುರಾಳಿಯ ಬೆನ್ನಿಗೆ ಬಡಿದು ಒಳಗೆ ಹೋದದ್ದು. ಐದನೆಯ ವರ್ಷದ ಕೊನೆಯಲ್ಲಿ ಒಂದು ಊರಿನ ಕ್ಲಬ್ಬೇ ಮುಳುಗಿತು. ಮುಳುಗಿಸಿದವನು ಆ ಇಂಡಿಯಾದವನು ಅಂತ ಆ ಊರಿನಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಲಿ ಬಿಡಿ, ಅವರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ಆದರೆ ನಡೆದದ್ದೇನು ಅನ್ನುವುದನ್ನು ನೆಟ್ಟಗೆ ಹೇಳದೆ ಬಿಟ್ಟರೆ ಅವನಿಗೂ ಅನ್ಯಾಯ, ಓಟ್ಟೊ ಕ್ಯೂಬ್ಲರ್ ಅವರಿಗೂ ಅನ್ಯಾಯ.

ಗಿರಿಧರ ಮೈಸೂರಿನ ನಂಜುಮಳಿಗೆಯವನು. ತಂದೆ ಹನುಮಂತರಾಯರು ಅಂಚೆ ಇಲಾಖೆಯಲ್ಲಿದ್ದರು. ತಾಯಿ ದೇವೀರಮ್ಮ ಮನೆಯಲ್ಲಿದ್ದರು, ಮನೆಯ ಕಾನೂನೆಲ್ಲ ಆಕೆಯ ಕೈಯಲ್ಲಿತ್ತು. ಆ ಕಾನೂನಿನಲ್ಲಿ ಮೊದಲನೆಯದು ಕಾಲಿನದು. ಕಾಲು ಯಾರಿಗಾದರೂ ತಾಗಿತೋ, ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಪುಸ್ತಕಕ್ಕೆ ತಾಗಿದರೂ ಅಷ್ಟೆ, ಅಕ್ಕಿ ಮೊರಕ್ಕೆ ತಾಗಿದರೂ ಅಷ್ಟೆ. ನಮ್ಮ ಕಡೆ ಯಾವ ಮನೆಯಲ್ಲಿ ಇದಿಲ್ಲ ಹೇಳಿ? ಆದರೆ ದೇವೀರಮ್ಮನದು ಸ್ವಲ್ಪ ಅತಿ. ಒಂದು ಮಧ್ಯಾಹ್ನ ಚೆಂಡು ಹುಡುಕುತ್ತ ಒಳಗೆ ನುಗ್ಗಿದ ಹುಡುಗ ಗಿರಿಧರ, ಚಾಪೆ ಮೇಲೆ ಮಲಗಿದ್ದ ತಂಗಿಯ ತಲೆಗೆ ಕಾಲು ತಾಗಿಸಿ, ಓಡುತ್ತಲೇ ಗಾಳಿಯಲ್ಲಿ ಕೈಯಾಡಿಸಿ ಕಣ್ಣಿಗೊತ್ತಿಕೊಂಡ ಶಾಸ್ತ್ರ ಮಾಡಿ ಹೊರಟಿದ್ದ. ಆಕೆ ಕಿವಿ ಹಿಡಿದು ವಾಪಸು ಎಳೆತಂದರು.

“ತಲೆ ಕಣೋ ಅದು! ತಲೆಗೆ ಕಾಲು ತಾಗಿಸ್ಬಿಟ್ಟು ಹಂಗೇ ಓಡೋಗ್ತೀಯಾ? ನಿಂತ್ಕೋ. ಬಗ್ಗು. ಸರಿಯಾಗ್ ಮುಟ್ಟು.”

ತಂಗಿಗೆ ಎಚ್ಚರವೇ ಆಗಿರಲಿಲ್ಲ. ಆದರೂ ಗಿರಿಧರ ಬಗ್ಗಿ, ಸರಿಯಾಗಿ ಮುಟ್ಟಿ, ಕಣ್ಣಿಗೊತ್ತಿಕೊಂಡ. ಅಷ್ಟು ಹೊತ್ತಿಗೆ ಹೊರಗೆ ಆಟ ಮುಗಿದಿತ್ತು.

ಕಾಲೇಜು ಟೀಮಿನಲ್ಲಿ ಅವನು ಎಡಗಡೆಯ ಡಿಫೆಂಡರ್. ಅಡ್ಡ ಬಂದು ಚೆಂಡು ಕಿತ್ತುಕೊಳ್ಳುವುದರಲ್ಲಿ ಗಟ್ಟಿಗ. ಕಿತ್ತುಕೊಂಡ ಮೇಲೆ ಓಡುತ್ತ ಓಡುತ್ತಲೇ ಎದುರಾಳಿಯ ತೋಳು ಮುಟ್ಟಿ ಕೈಯನ್ನು ಕಣ್ಣಿಗೆ ತಂದುಬಿಡುತ್ತಿದ್ದ. ಮೈಸೂರಿನಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಯಾಕೆಂದರೆ ಅರ್ಧ ಟೀಮು ಅದನ್ನೇ ಮಾಡುತ್ತಿತ್ತು. ಆಮೇಲೆ ಪರೀಕ್ಷೆ, ಕೆಲಸ, ಹರಿಪ್ರಿಯಾಳೊಂದಿಗೆ ಮದುವೆ, ಮಗಳು ಇಂಚರ. ಫುಟ್‌ಬಾಲ್ ಅಟ್ಟ ಸೇರಿತು.

ಎರಡು ಸಾವಿರದ ಹದಿನಾಲ್ಕರಲ್ಲಿ ಕೆಲಸದ ಪರವಾನಗಿ ಬ್ಲೂ ಕಾರ್ಡ್ ಸಿಕ್ಕಿ ಮೂವರೂ ಜರ್ಮನಿಗೆ ಬಂದರು. ಕೆಲಸ ಅಬ್‌ಸ್ಟಾಟ್‌ನಲ್ಲಿ, ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವುದು. ಮನೆ ಸಿಕ್ಕಿದ್ದು ಪಕ್ಕದ ಇನ್ನೊಂದು ಹಳ್ಳಿಯಲ್ಲಿ. ವಾರವೆಲ್ಲ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಎದೆಯ ಮೇಲೆ ಕಲ್ಲು ಇಟ್ಟ ಹಾಗೆ. ಅಂಗಡಿ ಬಾಗಿಲು ಹಾಕಿರುತ್ತದೆ, ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ.

“ಇಲ್ಲಿ ಭಾನುವಾರ ಕುಕ್ಕರ್ ಕೂಗ್ಸೋಕೂ ಭಯ ಆಗತ್ತೆ ರೀ,” ಅಂತಿದ್ದಳು ಹರಿಪ್ರಿಯಾ.

ಅಂಥ ಒಂದು ಭಾನುವಾರ ಬೆಳಿಗ್ಗೆ ಸುಮ್ಮನೆ ನಡೆಯಲು ಹೋದ ಗಿರಿಧರನಿಗೆ ಊರಾಚೆಯ ಮೈದಾನ ಕಂಡಿತು. ಎಪ್ಪತ್ತು ದಾಟಿದ ಒಬ್ಬ ಮನುಷ್ಯ ಒಬ್ಬರೇ ದಾರ ಎಳೆದು, ಕೈಗಾಡಿಯಲ್ಲಿ ಬಿಳಿಪುಡಿ ತುಂಬಿಕೊಂಡು, ಗೆರೆ ಹಾಕುತ್ತಿದ್ದರು. ಈ ಕಡೆ ಗೂಟ ಹೊಡೆದರೆ ಆ ಕಡೆಯ ಗೂಟ ಕಿತ್ತು ಬರುತ್ತಿತ್ತು. ಅವರು ಗೂಟಕ್ಕೆ ಬೈಯುತ್ತಿದ್ದರು. ಗಿರಿಧರ ಹೋಗಿ ಆ ತುದಿಯ ದಾರ ಹಿಡಿದು ಕೂತ. ಇಡೀ ಮೈದಾನದ ಗೆರೆ ಮುಗಿದ ಮೇಲೆ ಮುದುಕರು ಕೈ ಒರೆಸಿಕೊಂಡು ಅವನ ಕಾಲು ನೋಡಿದರು.

“ಎಡಗಾಲಾ?”

“ಹೌದು.”

“ಮಂಗಳವಾರ ಸಂಜೆ ಪ್ರಾಕ್ಟೀಸು. ಬಾ.”

ಅವರೇ ಓಟ್ಟೊ ಕ್ಯೂಬ್ಲರ್, ಆ ಕ್ಲಬ್ಬಿನ ಪ್ಲಾಟ್ಸ್‌ವಾರ್ಟ್. ಹುಲ್ಲು ಕತ್ತರಿಸುವುದು, ಗೆರೆ ಹಾಕುವುದು, ಬಲೆ ಹೊಲಿಯುವುದು, ಸೋತವರನ್ನು ಬೈಯುವುದು, ಎಲ್ಲ ಅವರದೇ. ಅವರು ಆಡುವುದು ಹಳ್ಳಿಯ ಜರ್ಮನ್, ಗಿರಿಧರ ಕ್ಲಾಸಿನಲ್ಲಿ ಕಲಿತ ಜರ್ಮನ್ನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅರ್ಥವಾದಷ್ಟನ್ನು ಅವನು ಮನೆಗೆ ಬಂದು ಹರಿಪ್ರಿಯಾಗೆ ಕನ್ನಡದಲ್ಲಿ ಹೇಳುತ್ತಿದ್ದ. ಇಲ್ಲಿ ಅವರ ಮಾತು ಬಂದಿರುವುದೂ ಹಾಗೆಯೇ. ಮನೆಯಲ್ಲಿ ಅವರಿಗೆ ಕ್ಯೂಬ್ಲರ್ ತಾತ ಅಂತ ಹೆಸರಾಯಿತು. ಇಂಚರ ಮಾತ್ರ “ಓಪಾ” ಅಂತಿದ್ದಳು, ಇಲ್ಲಿಯ ಮಕ್ಕಳು ಅಜ್ಜನನ್ನು ಕರೆಯುವ ಹಾಗೆ.

ಕ್ಲಬ್ಬಿನ ಮನೆಯ ಗೋಡೆಯ ಮೇಲೆ ಒಂದು ಹಳೆಯ ಫೋಟೊ ಇತ್ತು. ಹನ್ನೊಂದು ಹಳ್ಳಿ ಹುಡುಗರು, ಮಧ್ಯದಲ್ಲಿ ಮೀಸೆಯ ಒಬ್ಬ ಉದ್ದನೆಯ ಮನುಷ್ಯ, ಕಾಲ ಬಳಿ ತೊಗಲಿನ ಚೆಂಡು. ಅವನ ಹೆಸರು ಆರ್ಥರ್ ಪೆಟಿಫರ್. ಇಂಗ್ಲೆಂಡಿನವನು. ಅಲ್ಲಿ ಯಾವುದೋ ದೊಡ್ಡ ಕ್ಲಬ್ಬಿನ ಎರಡನೆಯ ಟೀಮಿನಲ್ಲಿ ಎರಡು ಚಳಿಗಾಲ ಆಡಿ, ಸ್ಥಾನ ಸಿಗದೆ, ನೂಲಿನ ಗಿರಣಿಗೆ ಯಂತ್ರ ಕೂಡಿಸಲು ಸಾವಿರದ ಒಂಬೈನೂರ ಒಂಬತ್ತರಲ್ಲಿ ಈ ಹಳ್ಳಿಗೆ ಬಂದ. ಹನ್ನೊಂದು ಜನವೂ ಒಟ್ಟಿಗೆ ಚೆಂಡಿನ ಹಿಂದೆ ಓಡುತ್ತಿದ್ದ ಹುಡುಗರಿಗೆ, ನಿಂತ ಕಡೆ ನಿಂತು ಒಬ್ಬರಿಂದೊಬ್ಬರಿಗೆ ಚೆಂಡು ದಾಟಿಸುವುದನ್ನು ಕಲಿಸಿದ. ಕ್ಲಬ್ಬು ಹುಟ್ಟಿದ್ದು ಹಾಗೆ. ಗಿರಣಿಯ ಕೆಲಸ ಮುಗಿದರೂ ಅವನು ಊರಿಗೆ ಹೋಗಲಿಲ್ಲ, ಇಲ್ಲೇ ಉಳಿದ.

“ಹದಿನಾಲ್ಕರಲ್ಲಿ ಯುದ್ಧ ಬಂತು,” ಅಂದರು ಕ್ಯೂಬ್ಲರ್, ಫೋಟೊದ ಗಾಜನ್ನು ತೋಳಿನಿಂದ ಒರೆಸುತ್ತ. “ನವೆಂಬರಲ್ಲಿ ಇಂಗ್ಲಿಷರನ್ನೆಲ್ಲ ಹಿಡಿದು ಬರ್ಲಿನ್ ಹತ್ತಿರದ ಕ್ಯಾಂಪಿಗೆ ಹಾಕಿ ಅಂತ ಆಜ್ಞೆ ಆಯ್ತು. ಪೊಲೀಸ್ರು ಬಂದಾಗ ಇಲ್ಲಿ ಆಟ ನಡೀತಿತ್ತು. ಗೆರೆ ಹತ್ರ ನಿಂತು ಅವನ್ನ ಕರೆದ್ರು. ಅವನು ನಡ್ಕೊಂಡು ಹೋದ. ನಮ್ಮ ತಾತ ಗೋಲ್‌ಕೀಪರ್ರು, ಹದಿನೇಳು ವರ್ಷದ ಹುಡುಗ. ಚೆಂಡು ಅವನ ಕೈಲೇ ಇತ್ತು. ಏನ್ ಮಾಡ್ದ ಗೊತ್ತಾ? ಒದ್ದ. ಆಟ ಮುಂದುವರೀತು. ಒಬ್ಬನೂ ಹೋಗಿ ಕೈ ಕುಲುಕಲಿಲ್ಲ. ಆಮೇಲೆ ಅವನ ಸುದ್ದಿ ಯಾರಿಗೂ ಗೊತ್ತಾಗ್ಲಿಲ್ಲ. ತಾತ ಸಾಯೋವಾಗ ನನ್ನ ಹತ್ರ ಇದನ್ನೇ ಹೇಳ್ಕೊಂಡು ಅತ್ತ.”

ಮೊದಲ ಮ್ಯಾಚಿನಲ್ಲೇ ಗಿರಿಧರನ ಅಭ್ಯಾಸ ಎಲ್ಲರ ಕಣ್ಣಿಗೆ ಬಿತ್ತು. ಚೆಂಡು ಕಿತ್ತುಕೊಳ್ಳುವುದು, ತೋಳು ಮುಟ್ಟುವುದು, ಕೈ ಕಣ್ಣಿಗೆ. ಇವನು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಾನೆ ಅಂದುಕೊಂಡು ಹುಡುಗರು ಅವನಿಗೆ ‘ಪೋಪ್’ ಅಂತ ಹೆಸರಿಟ್ಟರು. ಆಫೀಸಿನ ಗೆಳೆಯ ಲಾಯ್ಡ್, ಮಂಗಳೂರಿನ ಕ್ಯಾಥೊಲಿಕ್, ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಎಂತ ಮಾರಾಯ ಇದು! ತಪ್ಪದೆ ಚರ್ಚಿಗೆ ಹೋಗುವುದು ನಾನು, ಪೋಪ್ ಆದದ್ದು ನೀನು!”

ಕ್ಯೂಬ್ಲರ್ ಮಾತ್ರ ನಗಲಿಲ್ಲ. ಒಂದು ದಿನ ದಾರ ಸುತ್ತುತ್ತ, ಅದೇನು ಅಂತ ಕೇಳಿದರು. ಗಿರಿಧರ ತನ್ನ ಹರಕು ಜರ್ಮನ್ನಿನಲ್ಲಿ ತಾಯಿಯ ಕಾನೂನನ್ನೆಲ್ಲ ವಿವರಿಸಿದ. ತಲೆಯಾದರೆ ನಿಂತು, ಬಗ್ಗಿ, ಸರಿಯಾಗಿ ಮುಟ್ಟಬೇಕು ಅನ್ನುವುದನ್ನೂ ಹೇಳಿದ. ಮುದುಕರು ಗಲ್ಲ ಕೆರೆದುಕೊಂಡರು.

“ಫುಟ್‌ಬಾಲ್ ಆಡೋವ್ನಿಗೆ ನಿಮ್ಮಮ್ಮ ಇಂಥಾ ಕಾನೂನು ಕಲಿಸ್ಬಾರ್ದಿತ್ತು,” ಅಂದರು.

ಆ ಐದು ವರ್ಷ ಗಿರಿಧರನ ಜೀವನದ ಸುಖದ ವರ್ಷಗಳು. ಬೇರೆ ಮಾತೇ ಇಲ್ಲ. ಮಂಗಳವಾರ, ಗುರುವಾರ ಪ್ರಾಕ್ಟೀಸು, ಭಾನುವಾರ ಮ್ಯಾಚು. ಪ್ರತಿ ಮನೆಯವರೂ ಸರದಿಯಲ್ಲಿ ಕೇಕು ತರಬೇಕು ಅನ್ನುವುದು ಅಲ್ಲಿಯ ಪದ್ಧತಿ; ಹರಿಪ್ರಿಯಾ ಮೈಸೂರುಪಾಕು ಮಾಡಿಕೊಂಡು ಹೋದಳು. ಪಾಕ ಏರಿ ಅದು ಇಟ್ಟಿಗೆಯಾಗಿತ್ತು. ಕ್ಯೂಬ್ಲರ್ ಎರಡು ತುಂಡು ತಿಂದು, ಮೂರನೆಯದನ್ನು ಗೂಟ ಹೊಡೆಯಲು ಇಟ್ಟುಕೊಳ್ಳುತ್ತೇನೆ ಅಂದರು. ಬೀದಿಯಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವರು ಈಗ “ಏನು ಪೋಪ್, ಭಾನುವಾರ ಗೆಲ್ತೀರಾ?” ಅಂತ ನಿಲ್ಲಿಸಿ ಕೇಳುತ್ತಿದ್ದರು. ಪರದೇಶದಲ್ಲಿ ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚೇನು ಬೇಕು? ನಿಮಗೆ ಮೈಸೂರಿನಲ್ಲಿ ಹುಟ್ಟಿದ್ದೇ ಮರೆತುಹೋಗುತ್ತಿದೆ ಅಂತ ಹರಿಪ್ರಿಯಾ ಛೇಡಿಸುತ್ತಿದ್ದಳು. ಅವಳಿಗೂ ಒಳಗೊಳಗೆ ಖುಷಿಯೇ.

ಆದರೆ ಕ್ಲಬ್ಬು ಬಡಕಲಾಗುತ್ತಿತ್ತು. ಹಳ್ಳಿಯ ಹುಡುಗರು ಓದಲು ಪಟ್ಟಣ ಸೇರುತ್ತಿದ್ದರು. ಕೆಲವು ಭಾನುವಾರ ಹನ್ನೊಂದು ಜನ ಕೂಡುವುದೇ ಕಷ್ಟವಾಗುತ್ತಿತ್ತು. ಪಕ್ಕದ ದೊಡ್ಡ ಊರಿನ ಕ್ಲಬ್ಬು, ನಮ್ಮೊಂದಿಗೆ ಸೇರಿಕೊಂಡುಬಿಡಿ ಅಂತ ಬಹಳ ದಿನದಿಂದ ಕರೆಯುತ್ತಿತ್ತು. ಸೇರಿಕೊಂಡರೆ ಹೆಸರು ಅವರದು, ಮೈದಾನ ಅವರದು. ಈ ಊರಿನ ಮೈದಾನದಲ್ಲಿ ಮನೆಗಳು ಏಳುತ್ತವೆ. ಲೀಗಿನಲ್ಲಿ ಉಳಿದುಕೊಂಡರೆ ಸೇರುವುದು ಬೇಡ, ಕೆಳಗಿನ ಲೀಗಿಗೆ ಬಿದ್ದರೆ ಸೇರಲೇಬೇಕು ಅಂತ ಊರಿನವರು ಸಭೆ ಮಾಡಿ ತೀರ್ಮಾನಿಸಿದರು.

ಅದೇ ವರ್ಷ ಕ್ಯೂಬ್ಲರ್ ಅವರ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಆಯಿತು. ಡಾಕ್ಟರು ಹೆಚ್ಚು ಆಸೆ ಕೊಡಲಿಲ್ಲ. ಎರಡು ಸಾವಿರದ ಹತ್ತೊಂಬತ್ತರ ಜೂನಿನಲ್ಲಿ ಕೊನೆಯ ಮ್ಯಾಚು. ಅಂದು ಬೆಳಿಗ್ಗೆ ಗೆರೆ ಹಾಕಿದವನು ಗಿರಿಧರ. ಕ್ಯೂಬ್ಲರ್ ಮಡಿಸುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು, “ಸೊಟ್ಟ! ಸೊಟ್ಟ ಹೋಗ್ತಿದೆ!” ಅಂತ ಕೂಗುತ್ತಿದ್ದರು. ಮುಗಿದ ಮೇಲೆ ಅವನನ್ನು ಹತ್ತಿರ ಕರೆದರು.

“ನೋಡು. ನಾನು ಹೋಗೋದು ಖಂಡಿತ. ಅದರ ಬಗ್ಗೆ ನಂಗೇನೂ ಇಲ್ಲ. ನಾನು ಹೋಗೋವಾಗ ಈ ಕ್ಲಬ್ ಇರ್ಬೇಕು. ಅಷ್ಟೇ ನನ್ನ ಆಸೆ.”

“ಇರತ್ತೆ ತಾತ,” ಅಂದ ಗಿರಿಧರ. ತಾತ ಅನ್ನುವುದು ಕನ್ನಡದಲ್ಲೇ ಬಂದುಬಿಟ್ಟಿತು.

ಸೋಲದಿದ್ದರೆ ಸಾಕಿತ್ತು. ಸಮ ಆದರೂ ಉಳಿದುಕೊಳ್ಳುತ್ತಿದ್ದರು. ಊರಿಗೆ ಊರೇ ಬಂದಿತ್ತು. ಹರಿಪ್ರಿಯಾ, ಇಂಚರ, ಲಾಯ್ಡ್ ಎಲ್ಲ ಗೆರೆಯ ಬಳಿ ನಿಂತಿದ್ದರು. ಎದುರು ಟೀಮು ಮೊದಲು ಒಂದು ಗೋಲು ಹೊಡೆಯಿತು. ಇವರ ಕ್ಯಾಪ್ಟನ್ ಮಾರ್ಕುಸ್, ಕೊಳಾಯಿ ಕೆಲಸದ ಆಳು, ಬಿರುಗಾಲಿನವನು, ಅದನ್ನು ತೀರಿಸಿದ. ಒಂದು-ಒಂದು. ಸಮಯ ಮುಗಿಯುತ್ತ ಬಂತು. ರೆಫರಿ ಗಡಿಯಾರ ನೋಡಲು ಶುರುಮಾಡಿದ್ದ.

ಆಗ ಎದುರು ಟೀಮಿನ ಒಬ್ಬ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ ಇರಬಹುದು, ಎಡಗಡೆಯಿಂದ ಚೆಂಡು ತಂದ. ಗಿರಿಧರ ಜಾರಿಕೊಂಡು ಹೋಗಿ ಅಡ್ಡ ಬಿದ್ದ. ನಲವತ್ತೊಂದರ ಕಾಲು ಅದು, ಆದರೂ ಚೆಂಡು ಎಷ್ಟು ಚೆನ್ನಾಗಿ ಸಿಕ್ಕಿತೆಂದರೆ ಜನ ಹೋ ಅಂದರು. ಹುಡುಗ ಮುಗ್ಗರಿಸಿ ಬೋರಲು ಬಿದ್ದ. ಏಳುವ ಭರದಲ್ಲಿ ಗಿರಿಧರನ ಬೂಟಿನ ತುದಿ ಅವನ ತಲೆಗೆ ತಾಗಿತು. ದೊಡ್ಡ ಪೆಟ್ಟೇನಲ್ಲ, ತಾಗಿತು ಅಷ್ಟೆ. ರೆಫರಿಗೆ ಅದು ಕಾಣಲೇ ಇಲ್ಲ. ಆಟ ನಡೆಯಲಿ ಅಂತ ಕೈ ಬೀಸಿದ. ಚೆಂಡು ಗಿರಿಧರನ ಕಾಲ ಮುಂದೆಯೇ ಬಿದ್ದಿತ್ತು. ಕಣ್ಣು ಮುಚ್ಚಿ ಒದ್ದರೂ ಹೊರಗೆ ಹೋಗುತ್ತಿತ್ತು, ಕ್ಲಬ್ಬು ಉಳಿಯುತ್ತಿತ್ತು.

ಅವನು ಒದೆಯಲಿಲ್ಲ. ನಿಂತ. ಬಗ್ಗಿದ. ಹುಡುಗನ ತಲೆಯನ್ನು ಸರಿಯಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡ.

ಯೋಚನೆ ಮಾಡಿ ಮಾಡಿದ್ದಲ್ಲ ಅದು. ಯೋಚನೆ ಮಾಡಲು ಪುರುಸೊತ್ತು ಎಲ್ಲಿತ್ತು? ಕಣ್ಣಿನಿಂದ ಕೈ ತೆಗೆಯುವಷ್ಟರಲ್ಲಿ ಎದುರು ಟೀಮಿನ ಇನ್ನೊಬ್ಬ ಚೆಂಡು ತಳ್ಳಿಕೊಂಡು ಹೋಗಿಯಾಗಿತ್ತು. ಗಿರಿಧರ ತಿರುಗಿ ನೋಡಿದಾಗ ಕ್ಯೂಬ್ಲರ್ ಹೊಲಿದಿದ್ದ ಬಲೆ ಅಲುಗಾಡುತ್ತಿತ್ತು.

ಮಾರ್ಕುಸ್ ಓಡಿ ಬಂದು ಅವನ ಅಂಗಿ ಹಿಡಿದ. “ಪ್ರಾರ್ಥನೆ ಮಾಡೋ ಹೊತ್ತೇನೋ ಇದು? ಹೇಳೋ! ಈಗ ಪ್ರಾರ್ಥನೆ ಬೇಕಿತ್ತಾ ನಿಂಗೆ?” ಅಂತ ಕಿರುಚಿದ. ಕಿರುಚುತ್ತಲೇ ಅತ್ತ. ಗಿರಿಧರ ನೋಡುತ್ತಿದ್ದದ್ದು ಆ ಮಡಿಸುವ ಕುರ್ಚಿಯನ್ನು. ಕ್ಯೂಬ್ಲರ್ ಎದ್ದಿದ್ದರು. ತಮ್ಮ ಮಗಳ ತೋಳು ಹಿಡಿದು, ಮೈದಾನಕ್ಕೆ ಬೆನ್ನು ಹಾಕಿ, ನಿಧಾನವಾಗಿ ಕಾರಿನ ಕಡೆ ನಡೆದರು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಿಕ್ಕದ್ದನ್ನೆಲ್ಲ ಅವನು ತಡೆದುಕೊಂಡ. ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೂ ಮಾತಾಡಿಸದೆ ಇದ್ದದ್ದನ್ನು, ಬೇಕರಿಯಲ್ಲಿ ಎರಡು ಹೆಂಗಸರು ಅವನನ್ನು ಕಂಡು ಮಾತು ನಿಲ್ಲಿಸಿದ್ದನ್ನು, ಶಾಲೆಯಲ್ಲಿ ಯಾವುದೋ ಹುಡುಗ ಏನೋ ಅಂದನೆಂದು ಇಂಚರ ಅಳುತ್ತ ಬಂದದ್ದನ್ನು. ಆ ಬೆನ್ನನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಆ ವಾರ ಮೈಸೂರಿನಿಂದ ದೇವೀರಮ್ಮ ಫೋನ್ ಮಾಡಿದರು. ಹರಿಪ್ರಿಯಾ ಆಗಲೇ ಎಲ್ಲ ಹೇಳಿಬಿಟ್ಟಿದ್ದಳು. ಆಕೆ ಸೋಲಿನ ವಿಷಯ ಎತ್ತಲಿಲ್ಲ.

“ಆ ಹುಡುಗನಿಗೆ ಪೆಟ್ಟಾಗ್ಲಿಲ್ಲ ತಾನೆ?” ಅಂದರು.

ಗಿರಿಧರನಿಗೆ ರೇಗಿಹೋಯಿತು. ಇಷ್ಟು ದಿನ ಒಳಗೆ ಕಟ್ಟಿಕೊಂಡಿದ್ದೆಲ್ಲ ತಾಯಿಯ ಮೇಲೆ ಹೋಯಿತು. “ಎಲ್ಲಾ ನಿನ್ನಿಂದಾನೇ ಆಗಿದ್ದು! ಮುಟ್ಟು, ಬಗ್ಗು, ಕಣ್ಣಿಗೊತ್ಕೋ ಅಂತ ತಲೆಗೆ ತುಂಬ್ಸಿ ತುಂಬ್ಸಿ... ಸಾಯೋ ಮನುಷ್ಯ ಒಂದೇ ಒಂದು ಕೇಳಿದ್ರಮ್ಮ ನನ್ನ. ಒಂದೇ ಒಂದು. ಅದನ್ನ ನಾನು ಹಾಳ್ಮಾಡ್ದೆ. ನಿನಗೆ ಆ ಹುಡುಗನ ಚಿಂತೆ!” ಅಂದು ಫೋನ್ ಕುಕ್ಕಿದ. ಆಮೇಲೆ ಆಕೆ ಮಾಡಿದಾಗಲೆಲ್ಲ ಹರಿಪ್ರಿಯಾಳ ಕೈಗೆ ಕೊಟ್ಟುಬಿಡುತ್ತಿದ್ದ.

ಬೇಸಿಗೆ ಮುಗಿಯುವ ಮುನ್ನ ಕ್ಲಬ್ಬು ಪಕ್ಕದೂರಿನದರಲ್ಲಿ ಸೇರಿಹೋಯಿತು. ನೂರೆಂಟು ವರ್ಷದ ಹೆಸರು ಬೋರ್ಡಿನಿಂದ ಇಳಿಯಿತು. ಮೈದಾನದ ಮೂಲೆಯಲ್ಲಿ ಒಂದು ಹಳದಿ ಜೆಸಿಬಿ ಬಂದು ನಿಂತಿತು. ಗಿರಿಧರ ಆಫೀಸಿಗೆ ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗತೊಡಗಿದ.

“ಬಿಡು ಮಾರಾಯ, ಒಂದು ಆಟ ಅಲ್ವಾ? ಎಷ್ಟು ಅಂತ ಮನಸ್ಸಿಗೆ ಹಾಕಿಕೊಳ್ಳುವುದು?” ಅಂದ ಲಾಯ್ಡ್.

“ಆಟ ಆಗಿದ್ರೆ ಬಿಡ್ತಿದ್ದೆ ಗುರು,” ಅಂದ ಗಿರಿಧರ.

ನೊಯ್‌ಬಿಬರ್ಗ್‌ನಲ್ಲಿ, ಮ್ಯೂನಿಕ್ಕಿನ ಪಕ್ಕ, ಕಂಪ್ಯೂಟರ್ ಚಿಪ್‌ಗಳ ಕೆಲಸಕ್ಕೆ ಕರೆ ಬಂತು. ಒಪ್ಪಿಕೊಂಡ. ಹಿಂದೆ ಮುಂದೆ ನೋಡಲಿಲ್ಲ. ಮನೆ ಖಾಲಿ ಮಾಡಲು ಡಬ್ಬ ಕಟ್ಟುತ್ತಿದ್ದಾಗ ಹರಿಪ್ರಿಯಾ ಬೂಟುಗಳನ್ನು ಕೈಯಲ್ಲಿ ಹಿಡಿದು ನಿಂತಳು.

“ಇವು ಎಲ್ಲಿಗೆ?”

“ಕಸಕ್ಕೆ.”

“ತಾತನ್ನ ಆಸ್ಪತ್ರೆಗೆ ಸೇರಿಸಿದಾರಂತೆ ರೀ. ಇನ್ನು ಮನೆಗೆ ಬರಲ್ವಂತೆ. ಅವರ ಮಗಳು ಸಿಕ್ಕಿದ್ರು.” ಅವಳು ಬೂಟನ್ನು ಕಸಕ್ಕೂ ಹಾಕಲಿಲ್ಲ, ಡಬ್ಬಕ್ಕೂ ಹಾಕಲಿಲ್ಲ. “ಒಂದ್ಸಲ ಹೋಗಿ ಬನ್ನಿ. ಬೈದ್ರೆ ಬೈಲಿ. ನೋಡ್ದೆ ಹೋದ್ರೆ ನೀವು ಬದುಕಿರೋವರೆಗೂ ಕೊರಗ್ತೀರಾ. ನಂಗೊತ್ತು ನಿಮ್ಮ ವಿಷ್ಯ.”

ಹೋದ. ಹೈಲ್‌ಬ್ರಾನಿನ ಆಸ್ಪತ್ರೆ, ಮೂರನೆಯ ಮಹಡಿ, ಕಿಟಕಿಯ ಪಕ್ಕದ ಹಾಸಿಗೆ. ಆ ದೊಡ್ಡ ದೇಹ ಎಲ್ಲಿ ಹೋಯಿತೋ, ಹೊದಿಕೆಯ ಕೆಳಗೆ ಏನೂ ಇಲ್ಲದ ಹಾಗೆ ಕಾಣುತ್ತಿತ್ತು. ಮಗಳು ಕಾಫಿ ತರುತ್ತೇನೆ ಅಂತ ಎದ್ದು ಹೊರಗೆ ಹೋದಳು. ಗಿರಿಧರ ಹಾಸಿಗೆಯ ತುದಿಯಲ್ಲಿ ಕೂತ.

ಕ್ಯೂಬ್ಲರ್ ಕಣ್ಣು ತೆರೆದರು. “ಬಂದ್ಯಾ. ತಡ ಮಾಡ್ದೆ.”

“ತಪ್ಪಾಯ್ತು.”

“ಕೋಪ ಇತ್ತು ನಿನ್ನ ಮೇಲೆ. ಈಗ್ಲೂ ಇದೆ. ಸುಳ್ಳು ಯಾಕೆ ಹೇಳ್ಲಿ, ಸಾಯೋ ಹೊತ್ತಲ್ಲಿ?” ಅವರು ಉಸಿರು ತೆಗೆದುಕೊಂಡರು. “ಚೆಂಡನ್ನ ಮೊದ್ಲು ಹೊರಗೆ ಒದೀಬೇಕಿತ್ತು, ಮೂರ್ಖ. ಆಮೇಲೆ ಬಗ್ಗು, ಮುಟ್ಟು, ಏನ್ ಬೇಕಾದ್ರೂ ಮಾಡ್ಕೋ. ಯಾಕೆ ಒದೀಲಿಲ್ಲ?”

“ತಲೆ,” ಅಂದ ಗಿರಿಧರ. “ಕಾಲು ತಲೆಗೆ ತಾಗ್ತು.”

ಮುದುಕರು ಕಿಟಕಿಯ ಕಡೆ ಮುಖ ತಿರುಗಿಸಿದರು.

“ಅವತ್ತು ನಮ್ಮ ತಾತನ ಕೈಲೂ ಚೆಂಡಿತ್ತು. ಅವನು ಒದ್ದ,” ಅಂದರು.

ಅವರಿಗೆ ಪಕ್ಕಕ್ಕೆ ಹೊರಳಬೇಕಿತ್ತು, ಆಗಲಿಲ್ಲ. ಗಿರಿಧರ ಎದ್ದು ಬೆನ್ನಿಗೆ ಕೈ ಕೊಟ್ಟು ಹೊರಳಿಸಿ, ಮತ್ತೆ ಕಾಲ ಬಳಿ ಬಂದು ಹೊದಿಕೆ ಸರಿಮಾಡಲು ಬಗ್ಗಿದ. ಹೊರಳುವ ನೋವಿಗೆ ಅವರ ಕಾಲು ಒಮ್ಮೆ ಝಾಡಿಸಿ, ಬಗ್ಗಿದ್ದ ಅವನ ಹಣೆಗೆ ಬಡಿಯಿತು. ಏನೂ ನೋವಾಗಲಿಲ್ಲ. ಆ ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ.

ಕ್ಯೂಬ್ಲರ್ ಬೆರಳಾಡಿಸಿ, ಹತ್ತಿರ ಬಾ ಅಂತ ಕರೆದರು. ನೋವಿದೆಯೇನೋ ಅಂದುಕೊಂಡು ಅವನು ಮುಖವನ್ನು ಹತ್ತಿರ ತಂದ. ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದ ಕೈ ಹೊದಿಕೆಯಿಂದ ಹೊರಬಂತು. ಮೇಲೆದ್ದು, ಗಿರಿಧರನ ಹಣೆಯನ್ನು ಮುಟ್ಟಿತು. ಆಮೇಲೆ ಅದೇ ಕೈ ವಾಪಸು ಹೋಗಿ, ದಾರಿ ತಪ್ಪಿ ಮೂಗಿಗೆ ತಾಗಿ, ಕೊನೆಗೆ ಎರಡು ಕಣ್ಣಿನ ಮೇಲೆ ಕೂತಿತು.

“ಅಯ್ಯೋ! ಬೇಡ ತಾತ, ಬೇಡ! ನೀವು ಮಾಡ್ಬಾರ್ದು, ನೀವು ದೊಡ್ಡೋರು!” ಅಂತ ಗಿರಿಧರ ಆ ಕೈಯನ್ನು ಹಿಡಿದುಕೊಂಡ. ಹೇಳಿದ್ದು ಕನ್ನಡದಲ್ಲಿ ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಸರಿಯಾಗ್ ಮಾಡಿದ್ನಾ?”

ಗಿರಿಧರ ಹೌದೆಂದು ತಲೆಯಾಡಿಸಿದ. ಅವರು ನೋಡುತ್ತಿಲ್ಲ ಅನ್ನುವುದು ಆಮೇಲೆ ನೆನಪಾಗಿ ಬಾಯಿ ಬಿಟ್ಟು ಹೇಳಬೇಕಾಯಿತು. ಹೇಳಲು ಹೋದರೆ ಅಳು ಬಂತು. ಮಗಳು ಕಾಫಿ ತಂದು ಬಾಗಿಲಲ್ಲಿ ನಿಂತವಳು ಒಳಗೆ ಬರದೆ ಹಾಗೆಯೇ ಹಿಂದಕ್ಕೆ ಹೋದಳು.

ಆ ವಾರವೇ ಕ್ಯೂಬ್ಲರ್ ಹೋದರು. ಅವರು ಹೋಗುವಾಗ ಕ್ಲಬ್ಬು ಇರಲಿಲ್ಲ. ಏನು ಹೇಳಿಕೊಂಡು ಸಮಾಧಾನ ಮಾಡಿಕೊಂಡರೂ ಅಷ್ಟು ನಿಜ, ಅದನ್ನು ಗಿರಿಧರ ಯಾವತ್ತೂ ಸುಳ್ಳು ಮಾಡಿಕೊಳ್ಳಲಿಲ್ಲ. ಮಣ್ಣು ಮಾಡಿದ ದಿನ ಹಳೆಯ ಟೀಮಿನವರೆಲ್ಲ ಬಂದಿದ್ದರು. ಗುಂಡಿಯ ಪಕ್ಕ ಮಣ್ಣಿನ ಬಟ್ಟಲು, ಒಂದು ಸಣ್ಣ ಸಲಿಕೆ. ಒಬ್ಬೊಬ್ಬರೇ ಹೋಗಿ ಮಣ್ಣು ಹಾಕಿ ಬರುತ್ತಾರೆ. ಮಾರ್ಕುಸ್ ಹಾಕಿದ ಮೇಲೆ ಸಲಿಕೆಯನ್ನು ಯಾರಿಗೂ ಕೊಡದೆ ಸ್ವಲ್ಪ ಹೊತ್ತು ಹಿಡಿದೇ ನಿಂತ. ಆಮೇಲೆ ಹಿಂದೆ ನಿಂತಿದ್ದ ಗಿರಿಧರನ ಬಳಿ ನಡೆದು ಬಂದು ಅವನ ಕೈಗಿಟ್ಟ.

ಸ್ಮಶಾನದ ಹೊರಗೆ ಕಾರಿನಲ್ಲಿ ಕೂತು ಗಿರಿಧರ ಮೈಸೂರಿಗೆ ಫೋನ್ ಮಾಡಿದ. ಎಷ್ಟೋ ವಾರಗಳಾಗಿದ್ದವು. ಮೊದಲನೆಯ ರಿಂಗಿಗೇ ದೇವೀರಮ್ಮ ಎತ್ತಿದರು.

“ಅಮ್ಮಾ.”

“ಹೇಳಪ್ಪ.”

“ಆ ಹುಡುಗನಿಗೆ ಏನೂ ಆಗಿರ್ಲಿಲ್ಲಮ್ಮ. ಅವನೇ ಎದ್ದ.”

“ಸದ್ಯ,” ಅಂದರು. “ಅದನ್ನೇ ಕಾಯ್ತಿದ್ದೆ ಕಣೋ. ಊಟ ಆಯ್ತಾ?”

ಗಿರಿಧರ ಸ್ಟೀರಿಂಗಿನ ಮೇಲೆ ತಲೆಯಿಟ್ಟ. ಪಕ್ಕದಲ್ಲಿದ್ದ ಹರಿಪ್ರಿಯಾ ಫೋನ್ ತೆಗೆದುಕೊಂಡು, ಇನ್ನೂ ಇಲ್ಲ ಅತ್ತೆ, ಈಗ ಮನೆಗೆ ಹೋಗ್ತಿದ್ದೀವಿ ಅಂದಳು.